ಕಲ್ಲಿನ ಕಂಪನಿಯ ಸಿಸ್ಟರ್‌ಬಾಯಿ

ಅವರ ಎಡಗೈಯ ಉಂಗುರದ ಬೆರಳು ಅರ್ಧಕ್ಕೇ ಮುಗಿದಿತ್ತು. ತುದಿಯಲ್ಲಿ ಉಗುರಿರಲಿಲ್ಲ. ಚರ್ಮ ಗಂಟುಕಟ್ಟಿ, ಅಂಗಿಯ ಗುಂಡಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಹೆರಿಗೆಗೆ ಬಂದವಳ ಹೊಟ್ಟೆಯ ಮೇಲೆ ಆ ಕೈ ಇಟ್ಟರೆ ಆಕೆ ನೋವಿನ ನಡುವೆಯೂ ಬೆರಳನ್ನೇ ನೋಡುತ್ತಿದ್ದಳು. “ಏನಾಗ್ಯಾದ್ರೀ ಬಾಯಿ ಅದಕ್ಕ?” ಎಂದು ಕೇಳಿದರೆ ಅವರು, “ಮಷೀನ್ ತಿಂತು. ನೀ ನಿನ್ನ ಹೊಟ್ಟಿ ನೋಡ್ಕೋ, ನನ್ನ ಬೆರಳು ಯಾಕ ನೋಡ್ತಿ?” ಎಂದು ಗದರುತ್ತಿದ್ದರು. ಗದರುವುದೇ ಅವರ ಸಹಜ ದನಿ. ನಾಲ್ಕು ವರ್ಷ ಅವರ ಕೈಕೆಳಗೆ ದುಡಿದೆ. ಒಮ್ಮೆಯೂ ನನ್ನ ಜೊತೆ ಮೆತ್ತಗೆ ಮಾತಾಡಿದ್ದು ನೆನಪಿಲ್ಲ.

ವಾಡಿ ಜಂಕ್ಷನ್ನಿಗೂ ಶಹಾಬಾದಕ್ಕೂ ನಡುವೆ ಆಗ ಒಂದು ಕಲ್ಲಿನ ಕಂಪನಿ ಇತ್ತು. ನೆಲದಿಂದ ಪರಸಿಕಲ್ಲಿನ ಚಪ್ಪಡಿ ಎಬ್ಬಿಸಿ, ಸುಣ್ಣ ಸುಟ್ಟು, ವ್ಯಾಗನ್ನಿಗೆ ತುಂಬಿ ಕಳಿಸುವ ಕೆಲಸ. ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಸರ್ಕಾರವೇ ಬದಲಾಗಿತ್ತು. ಆದರೆ ಕಂಪನಿಯಲ್ಲಿ ಇಂಗ್ಲಿಷರು ಹಾಗೇ ಉಳಿದಿದ್ದರು. ಸಣ್ಣದೊಂದು ದಿಬ್ಬದ ಮೇಲೆ ಅವರ ಏಳು ಬಂಗಲೆಗಳು, ಒಂದು ಕ್ಲಬ್ಬು. ಆ ದಿಬ್ಬಕ್ಕೆ ನಾವೆಲ್ಲ ‘ಗುಡ್ಡ’ ಎನ್ನುತ್ತಿದ್ದೆವು. ಗುಡ್ಡದ ಬುಡದಲ್ಲಿ ಎಂಟು ಮಂಚದ ದವಾಖಾನೆ, ಅದರ ಹಿಂದಿನ ಎರಡು ಕೋಣೆಗಳಲ್ಲಿ ಈ ಇಂಗ್ಲಿಷ್ ನರ್ಸು. ಉಳಿದ ಬಿಳಿಯರೆಲ್ಲ ಮೇಲೆ, ಇವರೊಬ್ಬರೇ ಕೆಳಗೆ. ಅದರ ಅರ್ಥ ನನಗೆ ಆಗ ಆಗಿರಲಿಲ್ಲ. ‘ಸಿಸ್ಟರ್’ ಎಂಬುದಕ್ಕೆ ನಮ್ಮ ಕಡೆಯ ‘ಬಾಯಿ’ ಸೇರಿಸಿ ಎಲ್ಲರೂ ಅವರನ್ನು ಸಿಸ್ಟರ್‌ಬಾಯಿ ಎಂದೇ ಕರೆಯುತ್ತಿದ್ದರು.

ನಾನು ಚಿತ್ತಾಪುರದವಳು. ನಮ್ಮಪ್ಪ ಅಲ್ಲಿಯ ತಹಸೀಲಿನಲ್ಲಿ ಉರ್ದು ಬರಹದ ಗುಮಾಸ್ತ. ಅವರ ಅಕ್ಷರಕ್ಕೆ ಹೆಸರಿತ್ತು. ಸರ್ಕಾರ ಬದಲಾದ ಮೇಲೆ ಹೊರಗಿನಿಂದ ಬಂದ ಅಧಿಕಾರಿಗಳಿಗೆ ಆ ಅಕ್ಷರ ಬೇಡವಾಯಿತು. ಅಪ್ಪ ನೌಕರಿ ಬಿಟ್ಟು ಕಲ್ಲಿನ ಕಂಪನಿಯ ಉಗ್ರಾಣಕ್ಕೆ ಸೇರಿದರು. ನನಗೆ ಹತ್ತೊಂಬತ್ತು ವರ್ಷ. ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದೆ, ಕನ್ನಡ ಮನೆಯಲ್ಲಿ ಕಲಿತಿದ್ದೆ, ಇಂಗ್ಲಿಷಿನ ನಾಲ್ಕು ಮಾತು ಬರುತ್ತಿತ್ತು. ಅಷ್ಟಕ್ಕೇ ದವಾಖಾನೆಯಲ್ಲಿ ಸಿಸ್ಟರ್‌ಬಾಯಿಯ ಕೈಕೆಳಗೆ ಕೆಲಸ ಸಿಕ್ಕಿತು. ನಮ್ಮದು ಲಿಂಗವಂತರ ಮನೆ. ಸಂಜೆ ದೀಪ ಹಚ್ಚಿ ಅಪ್ಪ ವಚನ ಹೇಳುತ್ತಿದ್ದರು, ನಾವು ದನಿಗೂಡಿಸುತ್ತಿದ್ದೆವು. ಮೇಲು ಕೀಳು ಸುಳ್ಳು ಎಂದು ಅವುಗಳಲ್ಲಿರುವುದು ನನಗೆ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಹೊರಟ ಮೊದಲ ದಿನ ಅವ್ವ ಒಂದು ಹಿತ್ತಾಳೆಯ ತಂಬಿಗೆ, ಒಂದು ಲೋಟ ಕೊಟ್ಟು, “ಅಲ್ಲಿ ಎಲ್ಲಾ ಜಾತಿಯವರು ಇರ್ತಾರ. ನಿನ್ನ ನೀರು ನೀನೇ ಒಯ್ಯಿ,” ಎಂದಳು. ನಾನು ಒಯ್ದೆ. ಎರಡೂ ಮಾತು ಒಂದೇ ಮನೆಯಲ್ಲಿ ಹೇಗೆ ಇರುತ್ತವೆ ಎಂದು ಯೋಚಿಸಲಿಲ್ಲ.

ದವಾಖಾನೆಯಲ್ಲಿ ನೆಲ ಒರೆಸಿ, ಪಾತ್ರೆ ತೊಳೆದು, ರಕ್ತದ ಬಟ್ಟೆ ಒಗೆಯಲು ದುರ್ಗವ್ವ ಇದ್ದಳು. ಕಲ್ಲೊಡೆಯುವವರ ಕೇರಿಯವಳು, ನಲವತ್ತರ ಹತ್ತಿರದ ವಯಸ್ಸು. ಮೊದಲ ದಿನವೇ ಪ್ರೀತಿಯಿಂದ ನನ್ನ ತಂಬಿಗೆ ತುಂಬಿ ತರಲು ಕೈಚಾಚಿದಳು. ನಾನು ತಂಬಿಗೆಯನ್ನು ಹಿಂದಕ್ಕೆಳೆದುಕೊಂಡೆ. ಆಕೆ “ತಪ್ಪಾತ್ರಿ ಅಕ್ಕೋರೆ,” ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಸಿಸ್ಟರ್‌ಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂದಿನಿಂದ ಅವರು ನನ್ನನ್ನು ನೋಡುವ ನೋಟದಲ್ಲಿ ಒಂದು ಗಡಸು ಬಂದು ಕೂತಿತು.

ಅವರ ಕನ್ನಡದ ವಿಷಯ ಹೇಳಬೇಕು. ಯುದ್ಧದ ಕಾಲಕ್ಕೆ ಪಲ್ಟನ್ನಿನ ನರ್ಸಾಗಿ ಹಿಂದುಸ್ತಾನಕ್ಕೆ ಬಂದವರು ಯುದ್ಧ ಮುಗಿದ ಮೇಲೆ ತಿರುಗಿ ಹೋಗದೆ ಇಲ್ಲಿಗೆ ಬಂದಿದ್ದರು. ಕಲ್ಲೊಡೆಯುವ ಹೆಂಗಸರ ಬಾಯಿಂದ, ಹೆರಿಗೆಯ ಮಂಚದ ಪಕ್ಕದಲ್ಲಿ ನಿಂತು ಕನ್ನಡ ಕಲಿತಿದ್ದರು. ಹಾಗಾಗಿ ಅವರಿಗೆ ಬಹುವಚನವೇ ಬರುತ್ತಿರಲಿಲ್ಲ. ಸ್ಟೇಷನ್ ಮಾಸ್ತರರಿಗೂ ‘ನೀ’, ಮಠದ ಸ್ವಾಮಿಗಳಿಗೂ ‘ನೀ’. ಬೈಗುಳವೆಲ್ಲ ಅಚ್ಚುಕಟ್ಟಾಗಿ ಬರುತ್ತಿದ್ದವು. ಒಳ್ಳೆಯ ಮನೆಯವರ ಕನ್ನಡ ಕಲಿಸುತ್ತೇನೆ ಎಂದು ನಾನು ಒಂದು ದಿನ ಉಮೇದಿನಿಂದ ಹೇಳಿದೆ.

“ಯಾರ್ ಸಂಗಟ ಮಾತಾಡ್ಲಾಕ?” ಎಂದರು.

“ದೊಡ್ಡ ಮಂದಿ ಸಂಗಟ್ರಿ.”

“ದೊಡ್ಡ ಮಂದಿ ಇಲ್ಲಿ ಬಂದು ಹಡೀತಾರೇನು?”

ಮಾತು ಅಲ್ಲಿಗೇ ಮುಗಿಯಿತು.

ಮಧ್ಯಾಹ್ನ ದವಾಖಾನೆಯ ಹಿಂದಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಜೋಳದ ರೊಟ್ಟಿ, ಖಾರದ ಹಿಂಡಿ, ಉಳ್ಳಾಗಡ್ಡಿ ತಿನ್ನುತ್ತಿದ್ದರು. ಚಹಾ ಬಸಿಯಲ್ಲಿ ಸುರಿದುಕೊಂಡು ಸದ್ದು ಮಾಡಿ ಕುಡಿಯುತ್ತಿದ್ದರು. ಗುಡ್ಡದ ಮೇಲಿನ ಮೇಮ್‌ಸಾಬರು ಕಾರಿನಲ್ಲಿ ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಅವರು ಹಾಗೆ ತಿರುಗಿಸಿದಾಗೆಲ್ಲ ಸಿಸ್ಟರ್‌ಬಾಯಿ ಇನ್ನಷ್ಟು ಜೋರಾಗಿ ಚಹಾ ಹೀರುತ್ತಿದ್ದರು.

ಒಂದು ಕ್ರಿಸ್‌ಮಸ್ಸಿಗೆ ಮಾತ್ರ ಕ್ಲಬ್ಬಿನಿಂದ ಚೀಟಿ ಬಂತು. ಅವರು ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ಗುಡ್ಡ ಹತ್ತಿದ್ದನ್ನು ನಾನೇ ನೋಡಿದೆ. ಅರ್ಧ ತಾಸಿಗೇ ಇಳಿದು ಬಂದರು. ಮುಖ ಕೆಂಡವಾಗಿತ್ತು. ಅಂಗಿಯ ತೋಳು ಮೇಲೇರಿಸಿ, ದುರ್ಗವ್ವನ ಕೈಯಿಂದ ಒರೆಸುವ ಬಟ್ಟೆ ಕಸಿದು, ತಾವೇ ಮೊಣಕಾಲೂರಿ ವಾರ್ಡಿನ ನೆಲ ಒರೆಸತೊಡಗಿದರು. ನಾನು ಹೆದರಿ ಏನಾಯಿತೆಂದು ಕೇಳಿದೆ.

“ಮ್ಯಾನೇಜರನ ಹೆಂಡ್ತಿ ನನ್ನ ಊರು ಕೇಳಿದ್ಳು. ನಾ ಹೇಳ್ದೆ. ನಾ ಮಾತಾಡಿದ್ದು ಕೇಳಿ ನಾಕು ಮಂದಿ ಹೆಂಗಸ್ರು ಒಬ್ಬರ ಮಾರಿ ಒಬ್ಬರು ನೋಡಿ ನಕ್ರು. ಆಮ್ಯಾಲ ಅಕಿ ಅಂದ್ಳು, ‘ಮುಂದಿನ ಸಲ ಪಕ್ಕದ ವರಾಂಡದ ಕಡಿಂದ ಬಾ, ಅಲ್ಲಿ ನಿನಗ ಆರಾಮ ಆಗ್ತದ’ ಅಂತ.”

“ನೀವೂ ಅವರೂ ಎಲ್ಲಾ ಬಿಳಿ ಮಂದೀನೇ ಅಲ್ರಿ?” ಎಂದೆ. ನಿಜವಾಗಿಯೂ ನನಗೆ ತಿಳಿದಿರಲಿಲ್ಲ.

ಅವರು ಒರೆಸುವುದನ್ನು ನಿಲ್ಲಿಸಿ ನಕ್ಕರು. ಕೇಳಲು ಹಿತವಾದ ನಗುವಲ್ಲ. “ನಮ್ಮವ್ವ ನೂಲಿನ ಗಿರಣ್ಯಾಗ ಇದ್ಳು. ನಾ ಹನ್ನೆರಡು ವರ್ಷಕ್ಕ ಗಿರಣಿಗಿ ಹೋದೆ, ಈ ಬೆರಳು ಅಲ್ಲೇ ಬಿಟ್ಟು ಬಂದೆ. ನಮ್ಮಪ್ಪ ಮಂದಿ ಮನಿಗಿ ಇದ್ದಲಿ ಹೊರ್ತಿದ್ದ. ಅದನ್ನ ನಾ ಅವರಿಗಿ ಹೇಳಬೇಕಂತಿಲ್ಲ. ಬಾಯಿ ತೆರದ್ರ ಸಾಕು, ಯಾವ ಓಣ್ಯಾಗ ಹುಟ್ಟೀನಿ ಅಂತ ಅವರಿಗಿ ಗೊತ್ತಾಗ್ತದ. ನಮ್ಮಲ್ಲಿ ಬಾಯಿ ನೋಡ್ತಾರ, ನಿಮ್ಮಲ್ಲಿ ಹೆಸರು ಕೇಳ್ತಾರ. ಅಷ್ಟೇ ಫರಕು.”

ಆಮೇಲೆ ಗುಡ್ಡವನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಎಲ್ಲಕ್ಕಿಂತ ಎತ್ತರದಲ್ಲಿ ಮ್ಯಾನೇಜರನ ಬಂಗಲೆ. ಅದರ ಕೆಳಗೆ ಇಂಜಿನಿಯರನದು, ಅದರ ಕೆಳಗೆ ಲೆಕ್ಕದ ಸಾಹೇಬನದು. ಕಟ್ಟಕಡೆಗೆ, ರಸ್ತೆಯ ಧೂಳು ಬೀಳುವಲ್ಲಿ, ಸುಣ್ಣದ ಭಟ್ಟಿಯ ಫೋರ್‌ಮನ್ನಿನದು. ಫೋರ್‌ಮನ್ನಿನ ಹೆಂಡತಿ ಮೇಲಿನವರ ಮನೆಗೆ ತಾನಾಗಿ ಹೋಗುವಂತಿರಲಿಲ್ಲ. ಅವರು ಕರೆಯಬೇಕು, ಅವರು ಕರೆಯುತ್ತಿರಲಿಲ್ಲ. “ನೀರು ಮ್ಯಾಲಿಂದ ಕೆಳಗ ಹರೀತದ, ಇವರ ಉಗುಳೂ ಹಂಗೇ,” ಎಂದು ಸಿಸ್ಟರ್‌ಬಾಯಿ ಹೇಳುತ್ತಿದ್ದರು.

ನನಗೆ ಆ ಉಗುಳಿನ ರುಚಿ ಸಿಕ್ಕಿದ್ದು ಮೈಸೂರು ಕಡೆಯಿಂದ ಹೊಸ ಡಾಕ್ಟರರು ಬಂದಾಗ. ವಯಸ್ಸಿನಲ್ಲಿ ಚಿಕ್ಕವರು, ಚೊಕ್ಕ ಉಡುಪು, ಕ್ಲಬ್ಬಿಗೆ ಸೇರಿಸಿಕೊಂಡ ಮೊದಲ ಹಿಂದುಸ್ತಾನಿ ತಾವೇ ಎಂಬ ಹೆಮ್ಮೆ. ಬಂದ ವಾರವೇ ನಾನು “ಡಾಕ್ಟ್ರೇ, ಮೂರನೇ ಮಂಚದಕಿ ಭಾಳ ನರಳ್ಲಿಕತ್ಯಾಳ್ರಿ” ಎಂದೆ. ಅವರು ರೋಗಿಯ ಕಡೆ ಹೋಗುವ ಬದಲು ನಗತೊಡಗಿದರು.

“ನರಳ್ಲಿಕತ್ಯಾಳ! ಇದನ್ನ ಹೊರಗಡೆ ಎಲ್ಲಾದ್ರೂ ಕನ್ನಡ ಅಂತ ಹೇಳಿಬಿಟ್ಟೀಯಮ್ಮ. ನರಳ್ತಾ ಇದಾಳೆ ಅನ್ನು ನೋಡೋಣ.”

ನಾನು ತಲೆ ತಗ್ಗಿಸಿ “ನರಳ್ತಾ ಇದಾಳೆ” ಎಂದೆ. ನನ್ನ ಬಾಯಿ ನನ್ನದಲ್ಲ ಎನಿಸಿತು. ಸಿಸ್ಟರ್‌ಬಾಯಿಯ ಕನ್ನಡ ಕೇಳಿ ಅವರಿಗೆ ದಿಗಿಲೇ ಆಯಿತು. “ಸಿಸ್ಟರ್, ಯಾರು ನಿಮಗೆ ಇದನ್ನ ಕಲಿಸಿದ್ದು? ಇದು ಕೂಲಿಗಳ ಭಾಷೆ.”

“ನಾ ಕೂಲಿಯವನ ಮಗಳು,” ಎಂದರು ಸಿಸ್ಟರ್‌ಬಾಯಿ. “ನೀ ಮೊದ್ಲು ಮೂರನೇ ಮಂಚಕ್ಕ ನಡಿ.”

ಅಂದಿನಿಂದ ಡಾಕ್ಟರರು ಅವರ ವೈರಿ. ನನಗೋ ಡಾಕ್ಟರರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ‘ಇದಾಳೆ, ಇದಾನೆ’ ಎಂದು ಅಭ್ಯಾಸ ಮಾಡತೊಡಗಿದೆ.

ಈಗ ಆ ದಿನದ ಮಾತು. ಬೇಸಿಗೆ. ಔಷಧದ ಪೆಟ್ಟಿಗೆಗಳು ರೈಲಿನಲ್ಲಿ ಬಂದಿದ್ದವು. ಅವನ್ನು ಬಿಡಿಸಿಕೊಂಡು ಬರಲು ಸಿಸ್ಟರ್‌ಬಾಯಿ ಬೆಳಿಗ್ಗೆಯೇ ವಾಡಿಗೆ ಹೋಗಿದ್ದರು. ಔಷಧದ ಕಪಾಟಿನ ಚಾವಿ ನನ್ನ ಕೈಗೆ ಕೊಟ್ಟು, “ಇದು ದವಾಖಾನಿ ಬಿಟ್ಟು ಹೊರಗ ಹೋಗಬಾರ್ದು. ನೀ ಹೋದ್ರ ದುರ್ಗವ್ವನ ಕೈಯಾಗ ಕೊಟ್ಟು ಹೋಗು,” ಎಂದು ಹೇಳಿದ್ದರು. ಡಾಕ್ಟರರು ಊಟಕ್ಕೆ ಕ್ಲಬ್ಬಿಗೆ ಹೋದರು. ಹನ್ನೆರಡರ ಹೊತ್ತಿಗೆ ಚಿಂಚೋಳಿ ಕಡೆಯಿಂದ ಕಲ್ಲಿನ ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸನ್ನು ಹೊತ್ತು ತಂದರು. ಗುಡಿಸಲಿನಲ್ಲೇ ಹಡೆದಿದ್ದಳು. ಕೂಸು ಚೆನ್ನಾಗಿತ್ತು. ತಾಯಿಗೆ ಸ್ವಲ್ಪ ರಕ್ತ ಹೋಗುತ್ತಿತ್ತು. ನಾನು ಮಲಗಿಸಿ, ಬಟ್ಟೆ ಬದಲಿಸಿ, ಕೈಕಾಲು ಬೆಚ್ಚಗೆ ಮಾಡಿದೆ.

ಅಷ್ಟರಲ್ಲಿ ಮ್ಯಾನೇಜರನ ಬಂಗಲೆಯ ಬಟ್ಲರ್ ಚೀಟಿ ಹಿಡಿದು ಬಂದ. ದೊಡ್ಡ ಮೇಮ್‌ಸಾಬರ ಮಗಳಿಗೆ ಏನೋ ಆಗಿದೆ, ದವಾಖಾನೆಯ ಹುಡುಗಿ ತಕ್ಷಣ ಬರಬೇಕು. ಗುಡ್ಡದಿಂದ ನನಗೆ ಬಂದ ಮೊದಲ ಕರೆ ಅದು. ನನ್ನ ಎದೆ ಹಿಗ್ಗಿತು ಎಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ದುರ್ಗವ್ವ ಬಾಣಂತಿಯ ಹೊಟ್ಟೆ ಮುಟ್ಟಿ ನೋಡಿ, “ಅಕ್ಕೋರೆ, ಹೊಟ್ಟಿ ಮೆತ್ತಗಾಗ್ಲಿಕತ್ತದ. ಹೋಗಬ್ಯಾಡ್ರಿ,” ಎಂದಳು.

“ನೀ ಯಾವಾಗ ಡಾಕ್ಟರ್ ಆದಿ?” ಎಂದೆ.

“ಹಂಗಾದ್ರ ಚಾವಿ ಕೊಟ್ಟು ಹೋಗ್ರಿ. ಆ ಸೂಜಿ ಔಷಧ ಎಲ್ಲದ ಅಂತ ನನಗ ಗೊತ್ತದ, ಸಿಸ್ಟರ್‌ಬಾಯಿ ತೋರಿಸ್ಯಾರ.”

ನಾನು ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಕೆಡುಕು ಮಾಡಬೇಕೆಂದು ಅಲ್ಲ. ಅವಳ ಕೈಗೆ ಚಾವಿ ಕೊಡುವುದು ಎಂಬ ಮಾತು ನನ್ನ ತಲೆಯಲ್ಲಿ ಕೂರಲೇ ಇಲ್ಲ, ಅಷ್ಟೇ.

ಬಂಗಲೆಯಲ್ಲಿ ಹಿಂಬಾಗಿಲಿಗೆ ಹೋಗಲು ಹೇಳಿದರು. ಮೇಮ್‌ಸಾಬರ ಊಟ ಮುಗಿಯುವವರೆಗೆ ಅಡುಗೆಮನೆಯ ಆಚೆ, ಬಿಸಿಲಿನಲ್ಲಿ ಒಂದು ತಾಸು ನಿಂತೆ. ಅಡುಗೆಯವನು ಬೇರೆಯೇ ಇಟ್ಟಿದ್ದ ಒಡಕು ಮಗ್ಗಿನಲ್ಲಿ ಚಹಾ ಕೊಟ್ಟ. ಕೊನೆಗೆ ಮಗುವನ್ನು ಹೊರಗೆ ಕರೆತಂದರು. ಅದರ ಮೊಣಕಾಲಿಗೆ ಸೊಳ್ಳೆ ಕಚ್ಚಿ ಕೆರೆದುಕೊಂಡಿತ್ತು. ನಾನು ಮುಲಾಮು ಹಚ್ಚಿದೆ. ಮೇಮ್‌ಸಾಬರು ನನ್ನ ಮುಖ ನೋಡದೆ “ಥ್ಯಾಂಕ್ಯೂ” ಎಂದರು. ಆ ಒಂದು ಮಾತನ್ನು ಹೊತ್ತುಕೊಂಡು ಖುಷಿಯಿಂದಲೇ ಗುಡ್ಡ ಇಳಿದೆ.

ವಾರ್ಡಿನ ಬಾಗಿಲಿಗೆ ಬಂದರೆ ನೆಲದ ಮೇಲೆ ರಕ್ತದಲ್ಲಿ ಅದ್ದಿದ ಬಟ್ಟೆಗಳು. ದುರ್ಗವ್ವ ಮಂಚದ ಮೇಲೆ ಮೊಣಕಾಲೂರಿ, ಎರಡೂ ಕೈಯಿಂದ ಬಾಣಂತಿಯ ಹೊಟ್ಟೆ ಒತ್ತಿ ತಿಕ್ಕುತ್ತಿದ್ದಳು. ಬೆವರು ಅವಳ ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಕಪಾಟಿನ ಬೀಗ ಒಡೆದುಬಿದ್ದಿತ್ತು, ಪಕ್ಕದಲ್ಲಿ ಒಂದು ಕಲ್ಲು. ವಾಡಿಯಿಂದ ಆಗಷ್ಟೇ ಬಂದು ಬೀಗ ಒಡೆದಿದ್ದ ಸಿಸ್ಟರ್‌ಬಾಯಿ ಸೂಜಿ ಚುಚ್ಚುತ್ತಿದ್ದರು. ನಾನು ಹೋದಾಗಿನಿಂದ ದುರ್ಗವ್ವ ಕೈ ತೆಗೆದಿರಲಿಲ್ಲವಂತೆ. ತೆಗೆದಿದ್ದರೆ ಆ ಹೆಂಗಸು ಹೋಗಿಬಿಡುತ್ತಿದ್ದಳು.

ಸಂಜೆಗೆ ಬಾಣಂತಿ ಕಣ್ಣು ಬಿಟ್ಟು ನೀರು ಕೇಳಿದಳು. ಆಗ ಸಿಸ್ಟರ್‌ಬಾಯಿ ನನ್ನ ಕಡೆ ತಿರುಗಿ ಕೈಚಾಚಿದರು. ನಾನು ಚಾವಿ ಕೊಟ್ಟೆ. ಅದನ್ನು ದುರ್ಗವ್ವನ ಸೆರಗಿನ ತುದಿಗೆ ಕಟ್ಟಿ, ಗಂಟು ಬಿಗಿಮಾಡಿ, ನನಗೆ ಹೇಳಿದರು: “ನಾ ಗುಡ್ಡದ ಮ್ಯಾಲಿನವರನ್ನ ಬೈತಿದ್ದೆ. ಗುಡ್ಡ ನನ್ನ ದವಾಖಾನ್ಯಾಗೇ ಇತ್ತು. ನೀ ಆ ಮ್ಯಾನೇಜರನ ಹೆಂಡ್ತೀಗಿಂತ ಕೆಟ್ಟಾಕಿ. ಅಕಿಗಿ ಗೊತ್ತಿಲ್ಲ, ನಿನಗ ಗೊತ್ತದ.”

ಕೆಟ್ಟದ್ದು ಅಷ್ಟಕ್ಕೇ ಮುಗಿಯಲಿಲ್ಲ. ಬೀಗ ಒಡೆದದ್ದನ್ನು, ನೆಲ ಒರೆಸುವವಳು ರೋಗಿಯನ್ನು ಮುಟ್ಟಿದ್ದನ್ನು ಡಾಕ್ಟರರು ಮ್ಯಾನೇಜರನಿಗೆ ದೂರಾಗಿ ಬರೆದರು. ಮೂರನೆಯ ದಿನ ಮ್ಯಾನೇಜರನ ಕಚೇರಿಯಲ್ಲಿ ವಿಚಾರಣೆ. ನನಗೆ ಕೂರಲು ಕುರ್ಚಿ ಕೊಟ್ಟರು. ಸಿಸ್ಟರ್‌ಬಾಯಿಗೂ ದುರ್ಗವ್ವನಿಗೂ ಕೊಡಲಿಲ್ಲ.

“ಚಾವಿ ಎಲ್ಲಿತ್ತು ಅಂತ ಇಕಿಗಿ ಕೇಳು,” ಎಂದು ಸಿಸ್ಟರ್‌ಬಾಯಿ ಡಾಕ್ಟರರಿಗೆ ಹೇಳಿದರು. “ಇಕಿ ಎಲ್ಲಿ ಹೋಗಿದ್ಳು, ಯಾರು ಕರಸಿದ್ರು, ಅದನ್ನೂ ಕೇಳು.”

ಡಾಕ್ಟರರು ನನ್ನ ಕಡೆ ಬಾಗಿ, ಬಹಳ ಮೃದುವಾಗಿ, “ಯೋಚನೆ ಮಾಡಿ ಹೇಳಮ್ಮ. ಚಾವಿ ಎಲ್ಲಿಟ್ಟು ಹೋಗಿದ್ದೆ?” ಎಂದರು.

ನನಗೆ ಸೇಡಂನ ಒಬ್ಬ ಗುಮಾಸ್ತರ ಜೊತೆ ಮದುವೆ ಗೊತ್ತಾಗಿತ್ತು. ಅಪ್ಪ ಅದೇ ಕಂಪನಿಯ ಉಗ್ರಾಣದಲ್ಲಿದ್ದರು. ಎದುರಿಗೆ ಕೂತವನು ಆ ಮೇಮ್‌ಸಾಬರ ಗಂಡ. ಇವೆಲ್ಲ ಕಾರಣಗಳೇ. ಆದರೂ ಆ ಕುರ್ಚಿ ಎಲ್ಲಕ್ಕಿಂತ ದೊಡ್ಡ ಕಾರಣವಾಗಿತ್ತು. ಅದರಿಂದ ಏಳಲು ನನಗೆ ಮನಸ್ಸಿರಲಿಲ್ಲ.

“ಮೇಜಿನ ಮೇಲೆ ಇಟ್ಟಿದ್ದೆ,” ಎಂದೆ, ಕಲಿತ ಕನ್ನಡದಲ್ಲಿ.

ದುರ್ಗವ್ವ ನನ್ನನ್ನು ನೋಡಿದಳು. ಡಾಕ್ಟರರು ಇಂಗ್ಲಿಷಿನಲ್ಲಿ ಮ್ಯಾನೇಜರನಿಗೆ, ಹಾಗಾದರೆ ಚಾವಿಯನ್ನು ಈ ಹೆಂಗಸೇ ಬಚ್ಚಿಟ್ಟಿರಬೇಕು ಎಂದರು. ಅಷ್ಟು ಇಂಗ್ಲಿಷು ನನಗೆ ತಿಳಿಯುತ್ತಿತ್ತು. ಮ್ಯಾನೇಜರ ತಲೆಯಾಡಿಸಿದ. ಆಗ ಸಿಸ್ಟರ್‌ಬಾಯಿ ತಮ್ಮ ಊರಿನ ಇಂಗ್ಲಿಷಿನಲ್ಲಿ, ಕ್ಲಬ್ಬಿನವರು ನಕ್ಕಿದ್ದ ಅದೇ ಇಂಗ್ಲಿಷಿನಲ್ಲಿ, ದನಿ ಏರಿಸದೆ ಮಾತಾಡಿದರು. ದುರ್ಗವ್ವನಿಗೆ ರೋಗಿಯನ್ನು ಮುಟ್ಟಲು ಕಲಿಸಿದ್ದು ತಾನು, ಬೀಗ ಒಡೆದದ್ದು ತಾನು. ಅವಳನ್ನು ತೆಗೆದರೆ ಯಾರ ಮಗಳ ಸೊಳ್ಳೆ ಕಡಿತಕ್ಕೆ ದವಾಖಾನೆ ಖಾಲಿಯಾಯಿತು ಎಂದು ಗುಲಬರ್ಗದ ಸರ್ಕಾರಿ ಅಧಿಕಾರಿಗಳಿಗೆ ಬರೆಯುತ್ತೇನೆ. ಅವಳನ್ನು ಉಳಿಸಿದರೆ ತಾನೇ ಹೋಗುತ್ತೇನೆ ಎಂದರು.

ಮ್ಯಾನೇಜರನಿಗೆ ಅದು ಅಗ್ಗದ ವ್ಯಾಪಾರ. ಒಂದು ತಿಂಗಳಲ್ಲಿ ಹೋಗು ಎಂದ.

ಆ ತಿಂಗಳು ಅವರು ನನ್ನನ್ನು ಕೆಲಸದಿಂದ ತೆಗೆಸಬಹುದಿತ್ತು, ತೆಗೆಸಲಿಲ್ಲ. ಕ್ಷಮಿಸಲೂ ಇಲ್ಲ. ಬೆಳಗಿನಿಂದ ಸಂಜೆಯ ತನಕ ನನಗೂ ದುರ್ಗವ್ವನಿಗೂ ಒಟ್ಟಿಗೆ ಪಾಠ. ಅಡ್ಡ ಮಲಗಿದ ಕೂಸನ್ನು ಹೊರಗಿನಿಂದ ಹೇಗೆ ತಿರುಗಿಸಬೇಕು, ಕೊರಳಿಗೆ ಸುತ್ತಿದ ಹೊಕ್ಕುಳಬಳ್ಳಿಯನ್ನು ಹೇಗೆ ಜಾರಿಸಬೇಕು, ರಕ್ತ ನಿಲ್ಲದಿದ್ದರೆ ಎಲ್ಲಿ ಒತ್ತಬೇಕು. ಪ್ರತಿಯೊಂದನ್ನೂ ಮೊದಲು ದುರ್ಗವ್ವ ಮಾಡಬೇಕು, ನಾನು ಅವಳಿಂದ ನೋಡಿ ಕಲಿಯಬೇಕು. ನನ್ನ ಕೈಯನ್ನು ಅವಳ ಕೈಯ ಮೇಲೆ ಇಟ್ಟು ಒತ್ತುತ್ತಿದ್ದರು. ಒಂದು ದಿನ ಅಳು ತಡೆಯದೆ, “ನನ್ನ ಮ್ಯಾಲ ಇನ್ನೂ ಸಿಟ್ಟದ ಏನ್ರಿ?” ಎಂದು ಕೇಳಿದೆ.

“ಅದ. ಹೋಗಂಗಿಲ್ಲ,” ಎಂದರು. “ಸಿಟ್ಟು ನಂದು, ಕೆಲಸ ನಿಂದು. ಕೈ ಸರಿಯಾಗಿ ಇಡು.”

ಅವರು ಹೊರಟ ದಿನ ವಾಡಿ ಸ್ಟೇಷನ್ನಿಗೆ ಗುಡ್ಡದಿಂದ ಒಬ್ಬರೂ ಬರಲಿಲ್ಲ. ಕಲ್ಲಿನ ಕೆಲಸದ ಹೆಂಗಸರು ಆ ದಿನದ ಕೂಲಿ ಬಿಟ್ಟು, ಕೂಸುಗಳನ್ನು ಬಗಲಿಗೆ ಕಟ್ಟಿಕೊಂಡು, ರೊಟ್ಟಿಯ ಗಂಟು ಹಿಡಿದು ಬಂದಿದ್ದರು. ಸಿಸ್ಟರ್‌ಬಾಯಿ ಒಬ್ಬೊಬ್ಬಳನ್ನೂ ಹೆಸರು ಹಿಡಿದು ಬೈದು, ಒಂದೊಂದು ಕೂಸಿನ ಕೆನ್ನೆ ಹಿಂಡಿ ರೈಲು ಹತ್ತಿದರು. ನಾನು ದೂರದಲ್ಲಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

ಅವರು ಹೋಗಿ ಎರಡು ವಾರಕ್ಕೆ ಡಾಕ್ಟರರು ಚಾವಿಯನ್ನು ದುರ್ಗವ್ವನಿಂದ ಬಿಡಿಸಿಕೊಂಡು ನಾನೇ ಇಟ್ಟುಕೊಳ್ಳಬೇಕೆಂದು ಹೇಳಿದರು. ನನ್ನೊಳಗೆ ಕೊಳೆಯುತ್ತಿದ್ದದ್ದು ಆಗ ಹೊರಬಿತ್ತು. “ಡಾಕ್ಟ್ರೇ, ಅವತ್ತು ನಾ ಸುಳ್ಳು ಹೇಳಿದೆ. ಚಾವಿ ನನ್ನ ಸೊಂಟದಾಗಿತ್ತು. ಅಕಿ ಬೇಡಿದ್ರೂ ನಾ ಕೊಡಲಿಲ್ಲ,” ಎಂದೆ, ನನ್ನ ಸ್ವಂತ ಕನ್ನಡದಲ್ಲಿ. ಸಂಜೆಯೊಳಗೆ ನನ್ನನ್ನು ಕೆಲಸದಿಂದ ತೆಗೆದರು. ಹಳೆಯ ವಿಷಯ ಮತ್ತೆ ಎದ್ದದ್ದೇ ನೆಪವಾಗಿ ದುರ್ಗವ್ವನನ್ನೂ ತೆಗೆದರು. ನನಗೆ ಎದೆ ಹಗುರಾಗಿತ್ತು. ಅದನ್ನೇ ಹೇಳಲು ಅವಳ ಕೇರಿಗೆ, ಮೊದಲ ಸಲ, ಹೋದೆ. ಆಕೆ ಒಲೆಯ ಮುಂದೆ ಕೂತಿದ್ದಳು.

“ಈಗ್ಯಾಕ ಹೇಳಿದ್ರಿ ಅಕ್ಕೋರೆ?” ಎಂದಳು. “ಹೇಳೂ ದಿನ ಹೇಳಲಿಲ್ಲ, ಸಿಸ್ಟರ್‌ಬಾಯಿ ಹೋದ್ಳು. ಈಗ ಹೇಳಿದ್ರಿ, ನಾ ಹೋದೆ. ನಿಮ್ಮ ಸುಳ್ಳೂ ನಮ್ಮ ಮ್ಯಾಲೇ ಬಿತ್ತು, ನಿಮ್ಮ ಖರೇನೂ ನಮ್ಮ ಮ್ಯಾಲೇ ಬಿತ್ತು.”

ಮರುದಿನ ಅವಳು ಸುತ್ತಿಗೆ ಹಿಡಿದು ಕಲ್ಲೊಡೆಯಲು ಹೋದಳು. ಕೆಲಸದಿಂದ ತೆಗೆದವಳು ಎಂಬ ಸುದ್ದಿ ಮುಟ್ಟಿ ಸೇಡಂನ ಗುಮಾಸ್ತರ ಮನೆಯವರು ಮದುವೆ ಮುರಿದರು. ಸಿಸ್ಟರ್‌ಬಾಯಿ ಕಲಿಸಿದ್ದು ಕೈಯಲ್ಲಿದ್ದುದರಿಂದ ನನಗೆ ಆರು ತಿಂಗಳಲ್ಲಿ ಅದೇ ಸೇಡಂನ ಸರ್ಕಾರಿ ದವಾಖಾನೆಯಲ್ಲಿ ಸೂಲಗಿತ್ತಿಯ ಕೆಲಸ ಸಿಕ್ಕಿತು. ದುರ್ಗವ್ವನಿಗೆ ಸಿಗಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ಮುಂದಿನ ವರ್ಷ ಸಿಸ್ಟರ್‌ಬಾಯಿ ಸಿಕಂದರಾಬಾದಿನ ಒಂದು ಆಸ್ಪತ್ರೆಯಲ್ಲಿದ್ದಾರೆಂದು ತಿಳಿಯಿತು. ರೈಲು ಹತ್ತಿ ಹೋದೆ. ಅಲ್ಲಿ ಅವರು ನರ್ಸಾಗಿರಲಿಲ್ಲ, ರೋಗಿಯಾಗಿದ್ದರು. ಕೆನ್ನೆ ಒಳಗೆ ಹೋಗಿತ್ತು, ದನಿ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿದ್ದೇ, “ದುರ್ಗವ್ವ ಏನ್ ಮಾಡ್ಲಿಕತ್ಯಾಳ?” ಎಂದರು.

ನಾನು ನಡೆದದ್ದೆಲ್ಲ ಹೇಳಿದೆ. ನಿಜ ಹೇಳಿದ್ದನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಶಹಭಾಸ್ ಎನ್ನುತ್ತಾರೆಂದು ಕಾದೆ.

“ಅಕಿ ಕಲ್ಲು ಒಡೀಲಿಕತ್ಯಾಳ. ನೀ ದವಾಖಾನ್ಯಾಗ ಇದ್ದಿ,” ಎಂದರು. “ಇಲ್ಲಿಗ್ಯಾಕ ಬಂದಿ? ನನ್ನ ಕಡಿಂದ ಮಾಫಿ ಒಯ್ಲಾಕ? ಹೋಗು. ಅಕಿಗಿ ಕೆಲಸ ಕೊಡ್ಸು. ನಿನಗ ಯಾರಿಂದ ಧಕ್ಕಿ ಆಗ್ತದೋ ಅವರ ಮುಂದ ಹೇಳು. ನನ್ನ ಮುಂದ ಅಳಬ್ಯಾಡ.”

ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಅಲ್ಲಿದ್ದದ್ದು ಕಾಲು ತಾಸು. ಅವರನ್ನು ನೋಡಿದ್ದು ಅದೇ ಕೊನೆ.

ಸೇಡಂನ ನಮ್ಮ ಲೇಡಿ ಡಾಕ್ಟರರು ತಾಂಡೂರಿನ ಕಡೆಯವರು, ತೆಲುಗು ಮಾತಿನವರು, ಬಹಳ ಕಟ್ಟುನಿಟ್ಟು. ಅವರ ಮುಂದೆ ನಿಂತು ಚಾವಿಯ ಕಥೆಯನ್ನು, ಕುರ್ಚಿಯ ಕಥೆಯನ್ನು, ನನ್ನ ಸುಳ್ಳನ್ನು ಒಂದೂ ಬಿಡದೆ ಹೇಳಿದೆ. ಇಂಥವಳ ಕೈಗೆ ಬಾಣಂತಿಯರನ್ನು ಬಿಡಲಾರೆ ಎಂದು ಅವರು ಅಂದೇ ನನ್ನನ್ನು ಹೆರಿಗೆ ಕೋಣೆಯಿಂದ ತೆಗೆದು ಚೀಟಿ ಬರೆಯುವ ಕೆಲಸಕ್ಕೆ ಹಾಕಿದರು. “ಆ ಇನ್ನೊಬ್ಬಳನ್ನ ಕರ್ಕೊಂಡು ಬಾ. ಕೈ ನೋಡ್ತೀನಿ,” ಎಂದರು. ದುರ್ಗವ್ವ ಬರಲು ಒಪ್ಪಲಿಲ್ಲ. ಮೂರು ಸಲ ಹೋದೆ. ಮೂರನೆಯ ಸಲ, “ನಿಮ್ಮ ಸಲುವಾಗಿ ಅಲ್ಲ, ಸಿಸ್ಟರ್‌ಬಾಯಿ ಹೇಳ್ಯಾಳಂತ ಬರ್ತೀನಿ,” ಎಂದು ಬಂದಳು. ಲೇಡಿ ಡಾಕ್ಟರರು ಎರಡು ಹೆರಿಗೆಗಳನ್ನು ಅವಳ ಕೈಯಲ್ಲೇ ಮಾಡಿಸಿ ನೋಡಿದರು. ಸೇಡಂ ಹತ್ತಿರದ ಮುಧೋಳದಲ್ಲಿ ಸೂಲಗಿತ್ತಿ ಬೇಕಾಗಿತ್ತು. ಅವಳನ್ನೇ ನೇಮಿಸಿ, ಅವಳ ಕೈಕೆಳಗೆ ಕೆಲಸ ಮಾಡುವುದಾದರೆ ನಾನೂ ಹೋಗಬಹುದು ಎಂದರು. ಹೋದೆ. ಅವ್ವ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಮುಧೋಳದಿಂದ ಸಿಸ್ಟರ್‌ಬಾಯಿಗೆ, ಅಲ್ಲಿ ಓದಿ ಹೇಳುವವರು ಸಿಗಲೆಂದು, ಉರ್ದುವಿನಲ್ಲಿ ಒಂದು ಕಾಗದ ಬರೆದೆ. ದುರ್ಗವ್ವನಿಗೆ ಕೆಲಸವಾಯಿತು, ನಾನು ಅವಳ ಕೈಕೆಳಗಿದ್ದೇನೆ. ಅಷ್ಟೇ, ಬೇರೇನೂ ಇಲ್ಲ. ಹೈದರಾಬಾದ ರಾಜ್ಯ ಒಡೆದು ನಮ್ಮನ್ನು ಮೈಸೂರಿಗೆ ಸೇರಿಸಿದ ಆ ಚಳಿಗಾಲದಲ್ಲಿ ಉತ್ತರ ಬಂತು. ಬರೆದವರು ಸಿಕಂದರಾಬಾದಿನ ಒಬ್ಬ ನರ್ಸು. ಸಿಸ್ಟರ್‌ಬಾಯಿ ತೀರಿಕೊಂಡರು, ಅಲ್ಲಿಯೇ ಮಣ್ಣು ಮಾಡಿದೆವು ಎಂದಿತ್ತು. ನನ್ನ ಕಾಗದವನ್ನು ಎರಡು ಸಲ ಓದಿಸಿ ಕೇಳಿದರಂತೆ. ಕೇಳಿ ಏನೋ ಹೇಳಿದರು, ಇಲ್ಲಿ ಯಾರಿಗೂ ಆ ಭಾಷೆ ತಿಳಿಯಲಿಲ್ಲ, ಕಿವಿಗೆ ಬಿದ್ದ ಹಾಗೆ ಕೆಳಗೆ ಬರೆದಿದ್ದೇನೆ, ನಿಮಗೆ ತಿಳಿಯಬಹುದು ಎಂದು ಆಕೆ ತೆಲುಗು ಅಕ್ಷರಗಳಲ್ಲಿ ಒಂದು ಸಾಲು ಬರೆದಿದ್ದರು.

ಸೇಡಂ ಸೀಮೆಯವರಿಗೆ ಆ ಅಕ್ಷರ ಹೊಸದಲ್ಲ. ದವಾಖಾನೆಯ ಕಟ್ಟೆಯ ಮೇಲೆ ಕೂತು ದುರ್ಗವ್ವನಿಗೆ ಓದಿ ಹೇಳಿದೆ.

“ತಡಾ ಆತು. ಆದ್ರ ಆತು.”

ದುರ್ಗವ್ವ ಸೆರಗಿನಿಂದ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡಳು. “ಖರೇನೇ ಅಂದಾಳ. ತಡಾನೇ ಆತು,” ಎಂದಳು. ಒಳಗೆ ಬೆಳಗಿನಿಂದ ಬೇನೆ ತಿನ್ನುತ್ತಿದ್ದ ಹೆಂಗಸೊಬ್ಬಳು ಕೂಗಿದಳು. ದುರ್ಗವ್ವ ಎದ್ದು ನಿಂತು, ಬಾಗಿಲ ಕಡೆ ನಡೆಯುತ್ತ, ತಿರುಗಿ ನೋಡದೆ ಹೇಳಿದಳು:

“ನೀರು ಕಾದದ. ಕೈ ತೊಳ್ಕೊಂಡು ಬಾ.”

ನಾನು ಕಾಗದ ಮಡಚಿಟ್ಟು ಎದ್ದೆ.